ಶಾಸಕರೇ, ಟ್ರೋಫಿಗಿಂತ ಮೊದಲು ಹೆಲ್ಮೆಟ್ ಕೊಡಿಸಿ

ಮಾನ್ಯ ಶಾಸಕರಿಗೆ,
ನಮಸ್ಕಾರ.

ಮಕ್ಕಳ ಸಾಫ್ಟ್‌ಬಾಲ್ ಶಿಬಿರದಲ್ಲಿ ಕೋಚ್‌ಗೆ ನೆರವಾಗುವವರಲ್ಲಿ ನಾನೂ ಒಬ್ಬ. ಈ ಸಲದ ಶಿಬಿರಕ್ಕೆ ನೀವು ಅನುದಾನ ಕೊಡುತ್ತೀರಿ ಎಂದು ಕೇಳಿ ತುಂಬಾ ಖುಷಿಯಾಯಿತು. ಆ ದುಡ್ಡು ಟೀ ಶರ್ಟು, ಟ್ರೋಫಿ, ವೇದಿಕೆಗೆಲ್ಲ ಹಂಚಿ ಹೋಗುವ ಮುಂಚೆ ಮೈದಾನದಲ್ಲಿ ಏನು ಬೇಕು ಅಂತ ಹೇಳಿಬಿಡುತ್ತೇನೆ.

ಮೊದಲು ಬೇಕಿರುವುದು ಹೆಲ್ಮೆಟ್. ಸಾಫ್ಟ್‌ಬಾಲ್ ಬೇಸ್‌ಬಾಲ್‌ನಂಥದ್ದೇ ಆಟ, ಇದರ ಚೆಂಡು ಗಟ್ಟಿ. ಪಿಚರ್, ಅಂದರೆ ಚೆಂಡು ಎಸೆಯುವವಳು, ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಕೆಳಗಿನಿಂದ ಎಸೆಯುತ್ತಾಳೆ. ದೊಡ್ಡ ಮಹಿಳೆಯರ ಪಂದ್ಯದಲ್ಲೂ ಅವಳಿಗೂ ಬ್ಯಾಟ್ ಹಿಡಿದವರು ನಿಲ್ಲುವ ಹೋಮ್ ಪ್ಲೇಟಿಗೂ ನಡುವೆ ಇರುವುದು 43 ಅಡಿ ಅಷ್ಟೇ. ಬೇಸ್‌ಬಾಲ್‌ನಲ್ಲಿ ಅದು 60 ಅಡಿ 6 ಇಂಚು. ಚಿಕ್ಕ ಮಕ್ಕಳಿಗೆ ದೂರ ಇನ್ನೂ ಕಡಿಮೆ. ಹಾಗಾಗಿ ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ಟೇ ಬೇಕು.

ಒಂದೋ ಎರಡೋ ತಂದಿಟ್ಟರೆ ಸಾಕಾಗುವುದಿಲ್ಲ. ಬ್ಯಾಟ್ ಹಿಡಿದವರಿಗೆ ಒಂದು, ಬೇಸ್‌ಗಳ ಮೇಲೆ, ಅಂದರೆ ಚೆಂಡು ಹೊಡೆದ ಮೇಲೆ ಓಡಿ ಮುಟ್ಟಬೇಕಾದ ಜಾಗಗಳಲ್ಲಿ, ಇರುವ ಮೂವರಿಗೆ ಮೂರು, ಮುಂದಿನ ಸರದಿಗೆ ಕಾಯುವವರಿಗೆ ಒಂದು. ಒಂದೇ ಹೊತ್ತಿಗೆ ಐದು ಬೇಕು. ಬ್ಯಾಟ್ ಹಿಡಿದವರ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗೆ ಮುಖಗವಸು, ಎದೆಗೆ ಕವಚ, ಮೊಣಕಾಲಿಗೆ ಪ್ಯಾಡು ಬೇರೆ. ಅಳತೆಯೂ ಸರಿಯಿರಬೇಕು. ದೊಡ್ಡವರ ಹೆಲ್ಮೆಟ್ ಹಾಕಿದ ಮಗು ಓಡುವುದನ್ನು ನೀವೊಮ್ಮೆ ನೋಡಬೇಕು. ಹೆಲ್ಮೆಟ್ ಜಾರಿ ಕಣ್ಣಿನ ಮೇಲೆ ಬರುತ್ತದೆ. ಒಂದು ಕೈಯಲ್ಲಿ ಅದನ್ನೇ ಒತ್ತಿ ಹಿಡಿದುಕೊಂಡು, ಎದುರಿಗೆ ಯಾರು ನಿಂತಿದ್ದಾರೆ ಅಂತಲೂ ಕಾಣದೆ ಓಡುತ್ತದೆ.

ಅದಕ್ಕೇ ಮೊದಲನೇ ಬೇಸ್ ಜೋಡಿ ಬೇಸ್ ಆಗಿರಲಿ ಅಂತ ಕೇಳುತ್ತಿದ್ದೇನೆ. ಅರ್ಧ ಬಿಳಿ, ಅರ್ಧ ಕಿತ್ತಳೆ ಬಣ್ಣದ್ದು. ಬಿಳಿಯದು ಚೆಂಡು ಹಿಡಿಯುವವರಿಗೆ, ಕಿತ್ತಳೆಯದು ಓಡಿ ಬರುವವರಿಗೆ. ಇಬ್ಬರ ಕಾಲೂ ಒಂದೇ ಜಾಗಕ್ಕೆ ಬೀಳುವುದಿಲ್ಲ, ಡಿಕ್ಕಿ ತಪ್ಪುತ್ತದೆ.

ಚೆಂಡಿನ ವಿಷಯವೂ ಇದೆ. ದೊಡ್ಡವರ ಚೆಂಡಿನ ಸುತ್ತಳತೆ 12 ಇಂಚು. ಪುಟ್ಟ ಕೈಯ ಬೆರಳುಗಳು ಅದಕ್ಕೆ ಸುತ್ತುವುದೇ ಇಲ್ಲ. ಮಗು ಅಂಗೈಯಲ್ಲಿಟ್ಟು ತಳ್ಳುತ್ತದೆ, ಚೆಂಡು ಎಲ್ಲೋ ಮೇಲಕ್ಕೆ ಹೋಗುತ್ತದೆ. "ನನಗೆ ಬರಲ್ಲ" ಅಂತ ಹಿಂದೆ ಸರಿದು ನಿಂತುಬಿಡುತ್ತದೆ. ಅದೇ ಮಗುವಿನ ಕೈಗೆ 11 ಇಂಚಿನ ಚೆಂಡು ಕೊಟ್ಟು ನೋಡಿ. ಬೆರಳುಗಳು ಹೊಲಿಗೆಯ ಮೇಲೆ ಕೂರುತ್ತವೆ, ಎಸೆತ ನೇರ ಆಗುತ್ತದೆ. ಆಮೇಲೆ ಆ ಮಗುವನ್ನು ಮನೆಗೆ ಕಳಿಸುವುದೇ ಕಷ್ಟ! ಆಟ ಬಿಡುವ ಮಕ್ಕಳಲ್ಲಿ ಎಷ್ಟೋ ಜನ ಹೀಗೆ ಸುಮ್ನೆ ಒಂದು ಇಂಚಿಗಾಗಿ ಬಿಡುತ್ತಾರೆ ಅನ್ನುವುದು ನನ್ನ ನಂಬಿಕೆ.

ಇನ್ನು ನಮ್ಮಂಥ ಸಹಾಯಕರ ಮಾತು. ನಮ್ಮಲ್ಲಿ ಜಾಸ್ತಿ ಜನ ಮಕ್ಕಳ ಅಪ್ಪ ಅಮ್ಮಂದಿರು, ಇಲ್ಲವೇ ಹಿಂದೆ ಆಡಿದವರು. ಆಸೆಯಿಂದ ಬರುತ್ತೇವೆ, ಆದರೆ ತರಬೇತಿ ಯಾರೂ ಕೊಟ್ಟಿರುವುದಿಲ್ಲ. ಹೊಡೆದ ಖುಷಿಯಲ್ಲಿ ಮಕ್ಕಳು ಬ್ಯಾಟನ್ನು ಹಿಂದಕ್ಕೆ ಬೀಸಿ ಎಸೆದು ಓಡುತ್ತಾರೆ. ಅದನ್ನು ಕೆಳಗೆ ಬಿಟ್ಟು ಓಡು ಅಂತ ಮೊದಲ ದಿನವೇ ರೂಢಿ ಮಾಡಿಸಬೇಕು. ಚೆನ್ನಾಗಿ ಎಸೆಯುವ ಹುಡುಗಿ ಒಬ್ಬಳಿದ್ದರೆ ದಿನವಿಡೀ ಅವಳ ಕೈಯಲ್ಲೇ ಎಸೆಸುತ್ತಾರೆ. ಕೆಳಗಿನಿಂದ ಎಸೆದರೆ ತೋಳಿಗೆ ಏನೂ ಆಗಲ್ಲ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದು ತಪ್ಪು. ಭುಜ ಸವೆಯುತ್ತದೆ, ನೋವು ಬರುತ್ತದೆ. ಯಾವಾಗ ನಿಲ್ಲಿಸಬೇಕು ಅಂತ ಪಕ್ಕದಲ್ಲಿ ನಿಂತವರಿಗೆ ಗೊತ್ತಿರಬೇಕು ಅಲ್ವಾ? ಶಿಬಿರಕ್ಕೆ ಮುಂಚೆ ನಮಗೆ ಎರಡು ದಿನದ ತರಬೇತಿ ಕೊಡಿಸಿ, ಪ್ರಥಮ ಚಿಕಿತ್ಸೆಯೂ ಅದರಲ್ಲಿರಲಿ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲ್ ಮತ್ತೆ ಇರುತ್ತದೆ. ಟಿವಿಯಲ್ಲಿ ನೋಡಿ ಇನ್ನಷ್ಟು ಮಕ್ಕಳು ಬರುತ್ತಾರೆ, ಬರಲಿ. ಅಷ್ಟರೊಳಗೆ ನಾವು ತಯಾರಾಗಿರಬೇಕು.

ಖರೀದಿ ಪಟ್ಟಿಗೆ ಸಹಿ ಹಾಕುವ ಮುಂಚೆ ನಮ್ಮ ಕೋಚ್ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಮಕ್ಕಳ ತಲೆ ಅಳತೆ ಸಮೇತ ಪಟ್ಟಿ ಮಾಡಿ ತರುತ್ತೇವೆ.

ಇಂತಿ,
ಶಿಬಿರದ ಸಹಾಯಕ ಕೋಚ್