ಗೇರ್‌ಬಾಕ್ಸ್ ಇಳಿಸುವ ಮುನ್ನ ಪೆಡಲ್ ಕೆಳಗೊಮ್ಮೆ ಬಗ್ಗಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಓದುಗರೊಬ್ಬರು, ಹಳೆಯ ಸ್ಪೋರ್ಟ್ಸ್ ಕಾರಿನ ಗೇರ್ ಹಾಕುವಾಗ ಕರಕರ ಸದ್ದು ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದರು. ‘ಗೇರ್‌ಬಾಕ್ಸ್ ಇಳಿಸಿ ಬಿಚ್ಚಿಸಿ’ ಎಂದು ಒಂದೇ ಸಾಲಿನ ಉತ್ತರ. ಓದಿ ಸುಮ್ಮನಿರಲಾಗಲಿಲ್ಲ. ಇದೇ ಸಲಹೆ ನನಗೂ ಸಿಕ್ಕಿತ್ತು.

ನನ್ನದು 1965ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಅಣ್ಣನ ನಂತರ ನನ್ನ ಪಾಲಿಗೆ ಬಂದದ್ದು. ಈ ಕಾರಿನಲ್ಲಿ ಗೇರ್‌ಬಾಕ್ಸ್ ಬೇಕೆಂದರೆ ಎಂಜಿನ್ನನ್ನೂ ಅದರ ಜತೆಗೇ ಎತ್ತಬೇಕು. ಹೇಳುವವರಿಗೇನು, ಬಾಯಿಮಾತು.

ಮೊದಲಿಗೆ, ಯಾವ ಸದ್ದು ರೋಗ, ಯಾವುದು ಹುಟ್ಟುಗುಣ ಎಂದು ತಿಳಿಯಬೇಕು. 1967ರವರೆಗಿನ ಎಂಜಿಬಿಗಳಲ್ಲಿ ಮೊದಲ ಗೇರಿಗೆ ಸಿಂಕ್ರೋ, ಅಂದರೆ ಗೇರ್ ಕೂಡುವ ಮುನ್ನ ತಿರುಗುವ ಭಾಗಗಳ ವೇಗ ಹೊಂದಿಸುವ ಸಾಧನ, ಇಲ್ಲ. ಕಾರು ಉರುಳುತ್ತಿರುವಾಗ ಫಸ್ಟ್‌ಗೆ ಹಾಕಿದರೆ ಗದರಿಸಿಯೇ ತೀರುತ್ತದೆ. ನಿಂತ ಮೇಲೂ ಒಮ್ಮೆ ಸೆಕೆಂಡ್ ಮುಟ್ಟಿಸಿ ಆಮೇಲೆ ಫಸ್ಟ್‌ಗೆ ತಂದರೆ ಸಲೀಸು. ಅಣ್ಣ ಹಾಗೇ ಮಾಡುತ್ತಿದ್ದ. ಅದು ಅವನ ಚಾಳಿ ಅಂದುಕೊಂಡಿದ್ದೆ ಇಷ್ಟು ವರ್ಷ!

ನನ್ನ ತೊಂದರೆ ರಿವರ್ಸಿನದು. ನಿಂತ ಕಾರು, ಕ್ಲಚ್ ತಳ ಮುಟ್ಟುವವರೆಗೆ ಒತ್ತಿ ಹತ್ತು ಎಣಿಸಿದರೂ ಕರ್‌ರ್ ಅನ್ನುತ್ತಿತ್ತು. ಎರಡು ಸಲ ದಾರಿಹೋಕರು ತಳ್ಳಿ ಹಿಂದೆ ಸರಿಸಿಕೊಟ್ಟರು. ಎಂಜಿನ್ ಆಫ್ ಮಾಡಿ ಹಾಕಿ ನೋಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾಲ್ಕೂ ಗೇರ್ ಬಿದ್ದವು, ರಿವರ್ಸ್ ಸಮೇತ. ಅಲ್ಲಿಗೆ ಗುಟ್ಟು ರಟ್ಟಾಯಿತು. ಗೇರ್ ಲಿವರ್, ಅದರ ಬುಷ್ ಕೆಟ್ಟಿದ್ದರೆ ಎಂಜಿನ್ ನಿಂತಾಗಲೂ ಬಿಗಿಯಿರಬೇಕಿತ್ತು. ಸಿಂಕ್ರೋ ಸವೆದಿದ್ದರೆ ಓಡುವಾಗ ಆ ಒಂದು ಗೇರ್ ಮಾತ್ರ ತಕರಾರು ಮಾಡಬೇಕಿತ್ತು. ಇಲ್ಲಿ ಕ್ಲಚ್ಚೇ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಪೂರ್ತಿ ಬಿಡಿಸುತ್ತಿಲ್ಲ.

ನಾನು ಮೆಕ್ಯಾನಿಕ್ ಅಲ್ಲ, ಹೊಲಿಗೆ ಯಂತ್ರ ಬಿಚ್ಚಿ ಕೂಡಿಸಿದ ಕೈ ಅಷ್ಟೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಡ್ಯಾಶ್‌ಬೋರ್ಡ್ ಅಡಿ ತಲೆ ತೂರಿಸಿ, ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿದೆ. ಪೆಡಲ್ ಸರಿಯಿತು, ಆ ಒತ್ತಡವನ್ನು ಬ್ರೇಕ್ ಆಯಿಲ್ ಮೂಲಕ ಕ್ಲಚ್ಚಿಗೆ ಕಳಿಸುವ ಮಾಸ್ಟರ್ ಸಿಲಿಂಡರಿನ ರಾಡ್ ಮಾತ್ರ ಮಿಸುಕಲಿಲ್ಲ. ಎರಡನ್ನೂ ಜೋಡಿಸುವ ಪಿನ್ ತೆಗೆದರೆ, ನಡು ಸವೆದು ಡಮರುವಿನಂತಾಗಿತ್ತು. ಪೆಡಲಿನ ತೂತು ಮೊಟ್ಟೆಯಾಕಾರ. ಕಿರುಬೆರಳಿಗಿಂತ ಸಣ್ಣ ಪಿನ್ನು! ಪಾದ ಒತ್ತಿದ್ದರಲ್ಲಿ ಒಂದು ಪಾಲನ್ನು ಅಲ್ಲೇ ನುಂಗುತ್ತಿತ್ತು. ತೂತಿಗೆ ವೆಲ್ಡ್ ತುಂಬಿಸಿ ಹೊಸದಾಗಿ ಕೊರೆಸಿದೆ, ಹೊಸ ಪಿನ್ ಹಾಕಿದೆ, ಆ ಆಯಿಲ್ ಹೋಗುವ, ಒಳಗೆ ಉಬ್ಬಿದ್ದ ರಬ್ಬರ್ ಹೋಸ್ ಬದಲಿಸಿ ಅದರೊಳಗೆ ಸೇರಿದ್ದ ಏರ್ ತೆಗೆದೆ. ಆ ಗಡಿಬಿಡಿಯಲ್ಲಿ ಬ್ರೇಕ್ ಆಯಿಲ್ ಚೆಲ್ಲಿ ಬಣ್ಣ ಕಿತ್ತುಬಂತು. ನನ್ನ ಅವಸರದ ಗುರುತು ಇನ್ನೂ ಅಲ್ಲೇ ಇದೆ.

ಆಯಿಲ್ ವಿಷಯ ಒಂದು ಮಾತು. ಈ ಗೇರ್‌ಬಾಕ್ಸಿಗೆ ಹಾಕಬೇಕಾದದ್ದು 20ಡಬ್ಲ್ಯು-50 ಎಂಜಿನ್ ಆಯಿಲ್. ‘ಗೇರ್‌ಗೆ ಗೇರ್ ಆಯಿಲ್ಲೇ’ ಎಂದು ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ದರ್ಜೆಯ ಆಯಿಲ್ ಸುರಿದರೆ ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ ಒಳ್ಳೆಯದಲ್ಲ. ಬೇರೆ ಕಾರಿಗೆ ಬೇರೆ ಆಯಿಲ್ ಇರುತ್ತದೆ, ಕೈಪಿಡಿ ನೋಡಿ ಹಾಕಿ.

ಪ್ರಶ್ನೆ ಕೇಳಿದವರನ್ನು ದಯವಿಟ್ಟು ಮರಳಿ ಕೇಳಿ: ಒಂದೇ ಗೇರೋ, ಎಲ್ಲವೋ? ಎಂಜಿನ್ ನಿಂತಾಗ ಹೇಗೆ?

ನನ್ನ ಕಾರು ಮೂರರಿಂದ ಎರಡಕ್ಕೆ ಇಳಿಸುವಾಗ ಈಗಲೂ ಚೂರು ಗೊರಗುಡುತ್ತದೆ. ಅದು ನಿಜಕ್ಕೂ ಸಿಂಕ್ರೋದ್ದೇ. ಕ್ಲಚ್ ಪ್ಲೇಟ್ ಸವೆದು ಎಂಜಿನ್ ಇಳಿಸಲೇಬೇಕಾದ ದಿನ ಅದನ್ನೂ ಮಾಡಿಸುತ್ತೇನೆ. ಅಲ್ಲಿಯತನಕ ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ತುಸು ಒತ್ತಿ, ಮತ್ತೆ ಕ್ಲಚ್ ಹಿಡಿದು ಎರಡಕ್ಕೆ ಹಾಕುತ್ತಿದ್ದೇನೆ.

ಇಂತಿ,
ನಿಮ್ಮ ಓದುಗಾರ್ತಿ