ಬೋಂಡಾನ ಹಿಂದಿರುವ ಕಣಗಿಲೆ

ಗೆಳೆಯಾ,

ನಿನ್ನ ನಾಯಿಮರಿ ಬೋಂಡಾನ ಫೋಟೋ ನೋಡಿದೆ. ಎಂಥಾ ಕಿವಿ ಅವನದು! ಆದರೆ ನನ್ನ ಕಣ್ಣು ಹೋಗಿದ್ದು ಅವನ ಹಿಂದಿರುವ ಕಣಗಿಲೆ ಗಿಡದ ಮೇಲೆ. "ಇದರಿಂದ ನಾಯಿಗೇನೂ ಆಗಲ್ಲ ಅಲ್ವಾ?" ಎಂದು ಕೇಳಿದ್ದೀಯ. ಆಗುತ್ತದೆ ಮಾರಾಯ. ಉತ್ತರವನ್ನು ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ನಮ್ಮ ದಾವಣಗೆರೆಯಲ್ಲಿ ಕಣಗಿಲೆ ಇರುವುದು ನಿಮ್ಮ ಮನೆ ಮುಂದೆ ಮಾತ್ರವಲ್ಲವಲ್ಲ.

ಕಣಗಿಲೆಯ ಎಲೆ, ಹೂವು, ಬೀಜ, ಕಡ್ಡಿ, ಬೇರು ಎಲ್ಲವೂ ವಿಷ. ಒಣಗಿದರೂ ವಿಷ ಹೋಗುವುದಿಲ್ಲ. ಅದರಲ್ಲಿರುವ ಓಲಿಯಾಂಡ್ರಿನ್ ಎಂಬ ವಿಷ ಹೃದಯವನ್ನೇ ಹಿಡಿಯುತ್ತದೆ. ಮೊದಲು ಜೊಲ್ಲು, ವಾಂತಿ, ಭೇದಿ. ಆಮೇಲೆ ಎದೆಬಡಿತ ತಾಳ ತಪ್ಪುತ್ತದೆ. ಜೀವವೇ ಹೋಗಬಹುದು. ಹಳದಿ ಕಣಗಿಲೆಯೂ ಅಷ್ಟೇ.

"ದನಾನೇ ಮುಟ್ಟಲ್ಲ, ನಾಯಿ ಮುಟ್ಟುತ್ತಾ?" ಎಂದು ನಿಮ್ಮಮ್ಮ ಕೇಳುತ್ತಾರೆ, ಗೊತ್ತು. ಕಹಿ ಅಂತ ದನ ಬಾಯಿ ಹಾಕಲ್ಲ ನಿಜ. ಹೆದ್ದಾರಿ ಡಿವೈಡರ್‌ನಲ್ಲಿ ಇದನ್ನು ಸಾಲಾಗಿ ನೆಡುವುದೂ ಅದಕ್ಕೇ. ಆದರೆ ಬೋಂಡಾನಿಗೆ ಈಗ ಹಲ್ಲು ಬರುವ ವಯಸ್ಸು. ಅವನು ರುಚಿ ನೋಡಿ ಕಚ್ಚುವುದಿಲ್ಲ, ಸಿಕ್ಕಿದ್ದನ್ನು ಕಚ್ಚುತ್ತಾನೆ. ಫೋಟೋವನ್ನು ದೊಡ್ಡದು ಮಾಡಿ ನೋಡು. ಅವನ ಮುಂಗಾಲಿನ ಹತ್ತಿರ ಉದ್ದನೆಯ ದಪ್ಪ ಎಲೆ ಬಿದ್ದಿದೆ, ನಡುವೆ ಬಿಳಿಚಿದ ನರ. ನೀರಿನ ಬೋಗುಣಿ ಗಿಡದ ಬುಡದಲ್ಲೇ ಇದೆ, ಒಳಗೆ ಎರಡು ಹೂ ತೇಲುತ್ತಿವೆ. ಆ ನೀರನ್ನು ಮೊದಲು ಚೆಲ್ಲು.

ಅಕಸ್ಮಾತ್ ಎಲೆ ಅಗಿದ ಅನುಮಾನ ಬಂದರೂ ಕಾಯಬೇಡ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡ, ಅದರಿಂದ ಬೇರೆ ಅಪಾಯ. ತೋರಿಸಲು ಗಿಡದ ಒಂದು ಕಡ್ಡಿಯನ್ನು ಕವರ್‌ನಲ್ಲಿ ಹಾಕಿಕೊಂಡು ಸೀದಾ ಪಶುವೈದ್ಯರ ಹತ್ತಿರ ಓಡು.

ಇನ್ನೊಂದು ಮಾತು. ಇದನ್ನು ಇಲ್ಲಿ ಬರೆಯಬೇಕು ಅಂದುಕೊಂಡಿರಲಿಲ್ಲ. ನಮ್ಮ ಕರಿಯ ವಯಸ್ಸಾಗಿ ಹೋದ, ಅವನಿಗೆ ಯಾವ ಗಿಡವೂ ಏನೂ ಮಾಡಲಿಲ್ಲ. ಆದರೂ ಆಮೇಲೆ ಮತ್ತೊಂದು ನಾಯಿ ತರುವ ಧೈರ್ಯ ನನಗೆ ಬಂದಿಲ್ಲ. ಟೈಮಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ಟೈಮಿದೆ. ಮತ್ತೆ ಒಂದು ಜೀವವನ್ನು ಅಷ್ಟು ಹಚ್ಚಿಕೊಂಡು ಕಳೆದುಕೊಳ್ಳುವುದಕ್ಕೆ ಭಯ. ನಿನ್ನ ಮರಿಯ ಫೋಟೋವನ್ನು ರಾತ್ರಿ ಮತ್ತೆ ಮತ್ತೆ ತೆಗೆದು ನೋಡಿದ್ದೇನೆ.

ಸರಿ, ಬಿಡು. ಕೆಲಸದ ಮಾತಿಗೆ ಬರೋಣ. ಅದು ಅಪ್ಪ ನೆಟ್ಟ ಗಿಡ, ಸೋಮವಾರ ಶಿವನಿಗೆ ಅದರದೇ ಹೂವು. ಅಮ್ಮನಿಗೆ ಹೇಳುವುದು ಕಷ್ಟ. ಆದರೂ ತೆಗೆಯಲೇಬೇಕು. ಬೇಲಿ ಕಟ್ಟಿದರೆ ಸಾಲದು, ಎಲೆ ದಿನಾ ಉದುರುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡು ಬೇರು ಸಮೇತ ತೆಗೆಯೋಣ. ಸುಡುವುದು ಬೇಡ, ಹೊಗೆಯೂ ಕೆಟ್ಟದ್ದು. ಆ ಜಾಗಕ್ಕೆ ದಾಸವಾಳ ಇಡೋಣ, ಪಕ್ಕದಲ್ಲಿ ದುಂಡು ಮಲ್ಲಿಗೆ. ಎರಡೂ ನಾಯಿಗೆ ವಿಷವಲ್ಲ, ದೇವರಿಗೂ ಆಗುತ್ತವೆ. ನಂದಿಬಟ್ಟಲು ಬೇಡ, ಅದೂ ಕಣಗಿಲೆ ಕುಟುಂಬದ್ದೇ.

ಅಮ್ಮನ ಹತ್ತಿರ ನಾನೇ ಮಾತಾಡುತ್ತೇನೆ. ನಮ್ಮ ಕ್ಲಾಸಿನ ಮೂರನೇ ಬೆಂಚಿನ ವಕಾಲತ್ತು ಇನ್ನೂ ನಡೆಯುತ್ತದೆ ಅಲ್ವಾ? ಭಾನುವಾರ ಬೆಳಿಗ್ಗೆ ಬರುತ್ತೇನೆ. ಗುದ್ದಲಿ ತೆಗೆದಿಡು. ಬೆಣ್ಣೆದೋಸೆ ನಿನ್ನ ಲೆಕ್ಕ. ಅಲ್ಲಿಯವರೆಗೆ ಬೋಂಡಾನನ್ನು ಹಿತ್ತಲ ಕಡೆಗೇ ಬಿಡು.

ನಿನ್ನವನೇ,
ಮೂರನೇ ಬೆಂಚು