ಗೊಬ್ಬರದ ಚೀಲ ಎತ್ತಲೂ ಯಂತ್ರ ಬೇಕು

ಮಾನ್ಯರೇ,

ಯೂರಿಯಾ ಚೀಲದ ತೂಕವನ್ನು 2018ರಲ್ಲಿ 50 ಕಿಲೋದಿಂದ 45ಕ್ಕೆ ಇಳಿಸಲಾಯಿತಾದರೂ ಡಿಎಪಿ ಚೀಲ ಇಂದಿಗೂ 50 ಕಿಲೋ ತೂಗುತ್ತದೆ. ಅದನ್ನು ಎದೆಮಟ್ಟದ ಟ್ರೇಲರ್‌ಗೆ ಏರಿಸುವವರು ಹಮಾಲರು, ಆಳು ಸಿಗದ ದಿನ ನಮ್ಮಂಥ ವಯಸ್ಸಾದ ರೈತರು. ಕಳೆದ ಮುಂಗಾರಿನಲ್ಲಿ ಹನ್ನೆರಡನೆಯ ಚೀಲಕ್ಕೇ ನನ್ನ ಸೊಂಟ ಹಿಡಿದುಕೊಂಡಿತು.

ಟ್ರ್ಯಾಕ್ಟರಿನ ಹೈಡ್ರಾಲಿಕ್ ತೋಳುಗಳಿಗೆ ಉದ್ದನೆಯ ಕಬ್ಬಿಣದ ತೊಲೆ ಕಟ್ಟಿ ಎತ್ತುವವರಿದ್ದಾರೆ, ಆದರೆ ಭಾರ ಹಿಂದಕ್ಕೆ ಸರಿದಷ್ಟೂ ಮುಂದಿನ ಗಾಲಿಗಳು ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಅದರ ಬದಲು ಟ್ರೇಲರಿನ ಮೂಲೆಯಲ್ಲೇ ತಿರುಗುವ ಕಂಬ, ಕೈಬಿಟ್ಟರೂ ಚೀಲ ಕೆಳಗೆ ಜಾರದಂತೆ ಹಲ್ಲುಗಾಲಿಯ ತಡೆಯುಳ್ಳ ಕೈರಾಟೆ, ಚೀಲ ಹರಿಯುವ ಕೊಕ್ಕೆಯ ಬದಲು ಅಗಲವಾದ ಪಟ್ಟಿ, ಇಷ್ಟಿದ್ದರೆ ಸಾಕು. ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜು ಇಂಥದೊಂದನ್ನು ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲೇ ತಯಾರಿಸಬಹುದಾದಂತೆ ವಿನ್ಯಾಸಗೊಳಿಸಿ, ನಕ್ಷೆಯನ್ನು ಕನ್ನಡದಲ್ಲಿ ಒದಗಿಸಬೇಕೆಂದು ಕೋರುತ್ತೇನೆ.

– ಒಬ್ಬ ರೈತ, ಕೊಪ್ಪಳ ಜಿಲ್ಲೆ